ಕೊಡಲಿ

ಜಾತ್ರೆಗೆ ಹೋದ ಹೆಂಗಸು ಏನು ತರುತ್ತಾಳೆ? ಕೈತುಂಬ ಬಳೆ ಇಡಿಸಿಕೊಂಡು ಬರುತ್ತಾಳೆ. ಬೆಂಡು, ಬತ್ತಾಸು, ಚುರಮುರಿ ಕಟ್ಟಿಸಿಕೊಳ್ಳುತ್ತಾಳೆ. ಮೊಮ್ಮಕ್ಕಳಿಗೆ ಒಂದು ಪೀಪಿ, ಬಹಳವೆಂದರೆ ರೊಟ್ಟಿಗೊಂದು ಹಂಚು. ನಾನು 2023ರ ಮಾಘದಲ್ಲಿ ಚಿಂಚಲಿಯ ಮಾಯಕ್ಕನ ಜಾತ್ರೆಗೆ ಹೋದವಳು ಕೊಡಲಿ ಹಿಡಿದುಕೊಂಡು ಬಂದೆ. ಬಸ್ಸಿನಲ್ಲಿ ಪಕ್ಕ ಕೂತ ಮುದುಕಿ ಮೊದಲು ಕೊಡಲಿ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು. ಆಮೇಲೆ ಸೆರಗು ಸಾವರಿಸಿಕೊಂಡು ಕಿಟಕಿಯ ಕಡೆ ಸರಿದಳು. ರಾಯಬಾಗ ದಾಟಿದ ಮೇಲೆ ಧೈರ್ಯ ಮಾಡಿ, "ಮನ್ಯಾಗ ಏನರ ಜಗಳ ಆಗೇತೇನ ತಂಗಿ?" ಎಂದು ಕೇಳಿದಳು.

ಜಗಳ ಆಗಿರಲಿಲ್ಲ. ಆಗಬೇಕಾದ ಕಾಲಕ್ಕೆ ಜಗಳ ಆಗದೇ ಇದ್ದದ್ದೇ ಈ ಕೊಡಲಿಯ ಮೂಲ. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಒಂದು ಸೌಟಿನ ಸಂಗತಿ. ಆ ವರ್ಷ ಸಂಕ್ರಾಂತಿಯ ಹಿಂದೆ ಮುಂದೆ, ಗೋದಿ ಹುಗ್ಗಿ ತಿರುವುತ್ತಿದ್ದಾಗ ನನ್ನ ಕೈಯಲ್ಲಿದ್ದ ಮರದ ಸೌಟು ಪಟ್ಟನೆ ಮುರಿಯಿತು. ನಾಲ್ವತ್ತು ವರ್ಷದ ಸೌಟು. ಪಾತ್ರೆಯ ತಳ ಕೆರೆದು ಕೆರೆದು ಅದರ ಒಂದು ಪಕ್ಕ ಸವೆದು ಚಪ್ಪಟೆಯಾಗಿತ್ತು. ಬಲಗೈಯವಳು ಬಳಸಿದ ಸೌಟು ಎಂದು ಯಾರು ನೋಡಿದರೂ ಹೇಳಬಹುದಾಗಿತ್ತು. ಸೊಸೆ, "ಹೋಗ್ಲಿ ಬಿಡ್ರಿ ಅತ್ತಿ, ಸ್ಟೀಲಿಂದು ಐತೆಲ್ಲ" ಎಂದಳು. ಅವಳದೇನೂ ತಪ್ಪಿಲ್ಲ. ಅದು ನಮ್ಮ ಅಪ್ಪ ನನ್ನ ಮದುವೆಯಲ್ಲಿ ಕೆತ್ತಿ ಕೊಟ್ಟದ್ದು ಎಂದು ನಾನು ಅವಳಿಗೆ ಯಾವತ್ತೂ ಹೇಳಿರಲಿಲ್ಲ. ಅಪ್ಪನ ಕೈಯ ವಸ್ತು ಎಂದು ನನ್ನ ಹತ್ತಿರ ಇದ್ದದ್ದು ಅದೊಂದೇ.

ನಮ್ಮ ಅಪ್ಪ ರಾಯಬಾಗ ತಾಲ್ಲೂಕಿನ ಕೃಷ್ಣೆಯ ದಂಡೆಯ ಒಂದು ಊರಿನ ಬಡಿಗ. ಕೂರಿಗೆ, ಕುಂಟೆ, ನೊಗ, ಬಂಡಿ, ಬಾಗಿಲ ಚೌಕಟ್ಟು, ಎಲ್ಲ ಅವನದೇ. ರಾಶಿಯಾದ ಮೇಲೆ ರೈತರು ವರ್ಷದ ಆಯ ಅಳೆದು ಕೊಡುತ್ತಿದ್ದರು. ಗಾಲಿಗೆ ಕಬ್ಬಿಣದ ಪಟ್ಟಿ ತೊಡಿಸುವ ದಿನವಂತೂ ಊರಿಗೆ ಊರೇ ನಿಂತು ನೋಡುತ್ತಿತ್ತು. ಕುಳ್ಳಿನ ಬೆಂಕಿಯಲ್ಲಿ ಪಟ್ಟಿ ಕೆಂಪಗೆ ಕಾಯಬೇಕು. ಕಾಯ್ದು ಹಿಗ್ಗಿದ ಪಟ್ಟಿಯನ್ನು ಇಕ್ಕಳದಲ್ಲಿ ಹಿಡಿದು ಗಾಲಿಯ ಮೇಲೆ ಕೂಡಿಸಬೇಕು. ಮರ ಹೊತ್ತಿಕೊಳ್ಳುವ ಮೊದಲು ನೀರು ಸುರಿಯಬೇಕು. ಸುರಿದೊಡನೆ ಪಟ್ಟಿ ಕುಗ್ಗಿ, ಗಾಲಿಯ ಕೀಲು ಕೀಲೂ ಕಿರ್ ಎಂದು ಬಿಗಿಯುತ್ತಿತ್ತು. ಆ ನೀರು ಹೊತ್ತು ತರುವವರು ನಾವು ಹೆಣ್ಣು ಮಕ್ಕಳು. ನೀರು ತರಬಹುದು, ಹೊಟ್ಟು ಬಳಿಯಬಹುದು, ಖಂಡೆ ನವಮಿಯ ದಿನ ಬಾಚಿ, ಉಳಿ, ಗರಗಸಕ್ಕೆಲ್ಲ ಅರಿಷಿಣ ಕುಂಕುಮ ಹಚ್ಚಬಹುದು. ಹಿಡಿಯಬಾರದು, ದಾಟಬಾರದು. ನನ್ನ ತಮ್ಮನಿಗೆ ಏಳು ವರ್ಷಕ್ಕೆ ಒಂದು ಸಣ್ಣ ಬಾಚಿ ಮಾಡಿಸಿ ಕೊಟ್ಟರು. ನಾನು ಅವನಿಗಿಂತ ನಾಲ್ಕು ವರ್ಷ ದೊಡ್ಡವಳು. ಬಾಗಿಲ ಮರೆಯಲ್ಲಿ ನಿಂತು ಅಪ್ಪನ ಮಣಿಕಟ್ಟು ಹೇಗೆ ತಿರುಗುತ್ತದೆಂದು ನೋಡುತ್ತಿದ್ದೆ. ನೋಡುವುದಕ್ಕೆ ಯಾರ ಅಡ್ಡಿಯೂ ಇರಲಿಲ್ಲ.

ಉಗಾರದ ಸಕ್ಕರೆ ಕಾರಖಾನೆಗೆ ಕಬ್ಬು ಹೇರುವ ಬಂಡಿಗಳು ಒಂದೊಂದಾಗಿ ರಬ್ಬರು ಟಾಯರಿಗೆ ಬದಲಾದವು. ಆಮೇಲೆ ಟ್ರ್ಯಾಕ್ಟರು ಬಂತು. ಕೂರಿಗೆಯೂ ಕಬ್ಬಿಣದ್ದಾಯಿತು. ಅಪ್ಪನ ಕೈಗೆ ಕೆಲಸ ಕಡಿಮೆಯಾಯಿತು, ಆಯ ನಿಂತಿತು. 1996ರಲ್ಲಿ ಅಪ್ಪ ತೀರಿಕೊಂಡ. ಎರಡು ವರ್ಷಕ್ಕೆ ವಾಟಣಿಯ ಮಾತು ಬಂತು. ನಮ್ಮಲ್ಲಿ ವಾಟಣಿ ಎಂದರೆ ಗಂಡಸರಿಗೆ ಹೊಲ, ಹೆಂಗಸರಿಗೆ ಪೆನ್ನು. ನಾನು ಕಚೇರಿಯ ಮೆಟ್ಟಿಲ ಮೇಲೆ ಕೂತು ಹಕ್ಕು ಬಿಟ್ಟ ಪತ್ರಕ್ಕೆ ಸಹಿ ಮಾಡಿ, ತಮ್ಮ ತಂದ ಇಳಕಲ್ ಸೀರೆ ಉಟ್ಟು, ಮಾದಲಿ ಉಂಡು ಬಂದೆ. ತಂದೆಯ ಸ್ವಂತ ಪಾಲಿನಲ್ಲಿ ಮಗಳಿಗೂ ಹಕ್ಕು ಇದೆ ಎಂದು 1956ರ ಕಾಯಿದೆಯೇ ಹೇಳಿತ್ತು. ಪಿತ್ರಾರ್ಜಿತದಲ್ಲಿ ಮಗನಿಗಿದ್ದಷ್ಟೇ ಪಾಲನ್ನು ನಮ್ಮ ರಾಜ್ಯ 1994ರಲ್ಲಿ ಮದುವೆಯಾಗದ ಹೆಣ್ಣು ಮಕ್ಕಳಿಗೆ ಕೊಟ್ಟಿತು, 2005ರಲ್ಲಿ ಇಡೀ ದೇಶ ಎಲ್ಲ ಹೆಣ್ಣು ಮಕ್ಕಳಿಗೂ ಕೊಟ್ಟಿತು. ಸಾಲಿಯಲ್ಲಿ ಮಕ್ಕಳಿಗೆ ನಾಗರಿಕರ ಹಕ್ಕುಗಳನ್ನು ಬಾಯಿಪಾಠ ಮಾಡಿಸುತ್ತಿದ್ದ ಬಾಯಿಯವರು ನಾನೇ. ಕಾಯಿದೆ ಇತ್ತು, ಬಾಯಿ ಇರಲಿಲ್ಲ.

ಹೊಲದ ಮಾತು ಬಿಡಿ, ನನಗೆ ಹೊಲ ಬೇಕಾಗಿರಲಿಲ್ಲ. ಅಪ್ಪನ ಪೆಟ್ಟಿಗೆಯಲ್ಲಿದ್ದ ಆ ಸಣ್ಣ ಬಾಚಿ ಬೇಕಾಗಿತ್ತು. ಕೇಳಲಿಲ್ಲ. ತಾನಾಗಿ ಕೊಡಲಿ ಎಂದು ಕಾದೆ. ನಮ್ಮ ಭಾಷೆಯಲ್ಲಿ 'ಕೊಡಲಿ' ಎಂಬುದಕ್ಕೆ ಎರಡು ಅರ್ಥ. ಒಂದು ಕೈಯಲ್ಲಿ ಹಿಡಿಯುವುದು, ಇನ್ನೊಂದು ಕೈ ಚಾಚಿಕೊಂಡು ಕೂಡುವುದು. ನಾನು ಎರಡನೆಯ ಕೊಡಲಿ ಹಿಡಿದು ವರ್ಷಗಟ್ಟಲೆ ಕೂತೆ. ತಮ್ಮ ಊರು ಬಿಟ್ಟು ಅಥಣಿಗೆ ಹೋಗಿ ಪ್ಲೈವುಡ್ಡಿನ ಅಂಗಡಿ ಇಟ್ಟ. ಮನೆ ಖಾಲಿ ಮಾಡುವಾಗ ಪೆಟ್ಟಿಗೆಯನ್ನು ಹಾಗೇ ತೂಕಕ್ಕೆ ಹಾಕಿದ. "ಇಪ್ಪತ್ತೆರಡು ಕಿಲೋ ಆತ್ ನೋಡಕ್ಕ" ಎಂದು ಊಟದ ನಡುವೆ ಹೇಳಿದ. ನಮ್ಮ ಕಡೆ ಗುಜರಿಗೆ ಭಂಗಾರ ಅನ್ನುತ್ತಾರೆ. ಒಂದು ಮಹಾಪ್ರಾಣ ಹೆಚ್ಚಾದರೆ ಸಾಕು, ಬಂಗಾರ ತಕ್ಕಡಿಗೆ ಬೀಳುತ್ತದೆ. ನಾನು ಏನೂ ಅನ್ನಲಿಲ್ಲ. ಇನ್ನೊಂದು ಚಪಾತಿ ಹಾಕಿಸಿಕೊಂಡೆ.

ಇಷ್ಟೆಲ್ಲ ಹೊಟ್ಟೆಯಲ್ಲಿಟ್ಟುಕೊಂಡವಳು ಚಿಂಚಲಿ ಜಾತ್ರೆಗೆ ಹೋದದ್ದು ನಿಜವಾಗಿ ಹೊಸ ಸೌಟು ಕೊಳ್ಳಲು. ಮಹಾರಾಷ್ಟ್ರದಿಂದ ಬಂದ ಎತ್ತಿನ ಬಂಡಿಗಳ ಸಾಲು, ಗಾಳಿಯಲ್ಲೆಲ್ಲ ಭಂಡಾರದ ಹಳದಿ. ಬಂಡಿ ಬಿಟ್ಟ ಜಾಗ ದಾಟಿದರೆ ಘಿಸಾಡಿಗಳು ಕುಲುಮೆ ಹೂಡಿದ್ದರು. ಊರಿಂದೂರಿಗೆ ತಿರುಗುವ ಕಮ್ಮಾರರು ಅವರು. ನಮ್ಮಲ್ಲಿ ಬೈಲಕಮ್ಮಾರರು ಎಂದೂ ಅನ್ನುವುದುಂಟು. ಗಂಡಸು ಕೂತು ಕೆಂಪು ಕಬ್ಬಿಣವನ್ನು ಇಕ್ಕಳದಲ್ಲಿ ಹಿಡಿದಿದ್ದ. ಎದುರಿಗೆ ಅವನ ಹೆಂಡತಿ ಸೆರಗು ಸೊಂಟಕ್ಕೆ ಬಿಗಿದು ಭಾರದ ಸುತ್ತಿಗೆ ಎತ್ತಿ ಎತ್ತಿ ಹೊಡೆಯುತ್ತಿದ್ದಳು. ಅವಳ ಕೈತುಂಬ ಹಸಿರು ಬಳೆ. ಒಂದೂ ಒಡೆದಿರಲಿಲ್ಲ. ಇದನ್ನು ನಾನು ಮೊದಲು ನೋಡಿಲ್ಲವೆಂದಲ್ಲ. ಚಿಕ್ಕವಳಿದ್ದಾಗಿನಿಂದ ರಸ್ತೆಯ ಬದಿಗೆ ನೋಡಿದ್ದೇನೆ. ಆ ದಿನ ಮಾತ್ರ ಸೌಟು ಮರೆತು ಅಲ್ಲೇ ಕುಕ್ಕರಗಾಲಲ್ಲಿ ಕೂತೆ.

"ಕೈ ನೋಯೂದಿಲ್ಲೇನವಾ?" ಎಂದೆ.

"ನೋಯ್ತೈತಿ. ರೊಟ್ಟಿ ಬಡದ್ರ ನೋಯೂದಿಲ್ಲೇನ್ರಿ ಬಾಯಿ?" ಎಂದಳು.

ಕಟ್ಟಿಗೆ ಸೀಳುವ ಕೈಗೊಡಲಿಗೆ ಇನ್ನೂರಾ ಐವತ್ತು ಹೇಳಿ ನೂರಾ ಎಂಬತ್ತಕ್ಕೆ ಕೊಟ್ಟಳು. ಕೊಡುವಾಗ ಕೈಗೆ ಕೊಡಲಿಲ್ಲ, ನೆಲದ ಮೇಲೆ ಇಟ್ಟಳು. ಚೂಪಾದದ್ದು, ಉಪ್ಪು, ಮೆಣಸಿನಕಾಯಿ ಕೈಯಿಂದ ಕೈಗೆ ಹೋದರೆ ಜಗಳ ಹುಟ್ಟುತ್ತದೆ ಎಂಬುದು ನಮಗೂ ಅವರಿಗೂ ಒಂದೇ.

ಚಿಕ್ಕೋಡಿಗೆ ಬಂದು ಕಟ್ಟೆಯ ಮೇಲೆ ಇಟ್ಟೆ. ನಮ್ಮ ಮನೆಯವರು ಪೇಪರಿನ ಮೇಲಿಂದ ಇಣುಕಿ, "ಪಿಂಚಣಿ ಸಾಲವಲ್ದಂತ ಕಟಗಿ ಒಡ್ಯಾಕ ಹೊಂಟೀ ಏನು?" ಎಂದರು. ಸೌಟು ಕೆತ್ತುತ್ತೇನೆ ಎಂದೆ. ಅವರು ಪೇಪರು ಮಡಿಚಿಟ್ಟರು. ಮೂವತ್ತೊಂಬತ್ತು ವರ್ಷದ ಸಂಸಾರದಲ್ಲಿ ಅವರು ಓದುತ್ತಿದ್ದ ಪೇಪರು ಮಡಿಚಿಟ್ಟದ್ದು ಮೂರೋ ನಾಲ್ಕೋ ಸಲ.

ಕೊಡಲಿ ಕೆತ್ತನೆಗೆ ಬರುವಂಥದ್ದಾಗಿರಲಿಲ್ಲ. ಬರಬೇಕಾದ್ದೂ ಇಲ್ಲ, ಅದನ್ನು ಮಾಡಿದ್ದೇ ಸೌದೆಗೆ. ಸೌದೆ ಸೀಳುವ ಕೊಡಲಿಯ ಕೆನ್ನೆ ಉಬ್ಬಿರಬೇಕು. ಬಾಯಿ ಹೊಕ್ಕ ಕೂಡಲೇ ಕೆನ್ನೆ ಮರವನ್ನು ಎರಡು ಕಡೆಗೆ ತಳ್ಳಿ ಒಡೆಯುತ್ತದೆ. ಕೆತ್ತುವವಳಿಗೆ ಮರ ಒಡೆಯಬಾರದು, ಪದರು ಪದರಾಗಿ ಏಳಬೇಕು. ಕುಂಬಳಕಾಯಿ ಒಡೆಯುವ ಕತ್ತಿಯಲ್ಲಿ ಉಳ್ಳಾಗಡ್ಡಿ ಹೆಚ್ಚಿ ನೋಡಿ, ತಿಳಿಯುತ್ತದೆ. ಮೊಮ್ಮಗ ಮೊಬೈಲಿನಲ್ಲಿ ಸ್ವೀಡನ್ ದೇಶದವರ ಕೆತ್ತನೆಯ ಕೊಡಲಿ ತೋರಿಸಿದ. ತೆಳ್ಳಗಿನ ಕೆನ್ನೆ, ಬಾಗಿದ ಬಾಯಿ, ಕೈಗೆ ಕೂಡುವ ಕಾವು. ಬೆಲೆ ಹತ್ತು ಸಾವಿರಕ್ಕೂ ಮೇಲೆ. ಆ ದೇಶದಲ್ಲಿ ಮರಗೆಲಸವನ್ನು ಸಾಲಿಯ ಪಾಠವಾಗಿಯೇ ಕಲಿಸುತ್ತಾರಂತೆ. ಓಟೋ ಸಾಲೊಮನ್ ಎಂಬವರು 1870ರ ದಶಕದಲ್ಲಿ ನೇಸ್ ಎಂಬಲ್ಲಿ ಅದಕ್ಕಾಗಿ ಶಿಕ್ಷಕರ ತರಬೇತಿಯನ್ನೇ ತೆರೆದರು, ಹೆಣ್ಣು ಮಾಸ್ತರರೂ ಅಲ್ಲಿ ಕಲಿತರು. ಮೂವತ್ತು ವರ್ಷ ಸಾಲಿಯಲ್ಲಿ ಕಲಿಸಿದ ನಾನು ಹುಡುಗಿಯರಿಗೆ ಹೊಲಿಗೆ, ಹುಡುಗರಿಗೆ ತೋಟಗಾರಿಕೆ ಎಂದು ವಿಭಾಗ ಮಾಡಿದವಳು. ಅದೂ ನೆನಪಾಯಿತು.

ಅರ ತರಲು ನಿಪ್ಪಾಣಿಗೆ ಹೋದೆ. ಅಲ್ಲಿ ಅರ ಅಂದರೆ ಯಾರಿಗೂ ತಿಳಿಯುವುದಿಲ್ಲ, ಕಾನಸು ಅನ್ನಬೇಕು. ತಂಬಾಕಿನ ಘಾಟು, ಅರ್ಧ ಮರಾಠಿ, ಅರ್ಧ ಕನ್ನಡ. ಅಂಗಡಿಯವನು "ಯಾರಿಗ್ರಿ?" ಎಂದ. ನನಗೆ ಎಂದೆ. ಒಂದು ಗಳಿಗೆ ಯೋಚಿಸಿ, "ಉಗುರಿಗೇನ್ರಿ?" ಎಂದ. ಕೊನೆಗೆ ಹತ್ತು ಇಂಚಿನ ಚಪ್ಪಟೆ ಕಾನಸು, ಒಂದು ಕಡೆ ಒರಟು ಇನ್ನೊಂದು ಕಡೆ ನುಣುಪಾದ ಮಸೆಗಲ್ಲು ಕೊಂಡು ಬಂದೆ. ಕೊಡಲಿಗಿಂತ ಇವಕ್ಕೇ ಹೆಚ್ಚು ಖರ್ಚಾಯಿತು. ಬಡವರ ಮನೆಯ ಮದುವೆಯಲ್ಲಿ ಸೀರೆಗಿಂತ ಹೊಲಿಗೆಯೇ ಹೆಚ್ಚಾದ ಹಾಗೆ.

ಹಳೆಯ ಕಾವು ಬಡಿದು ತೆಗೆದೆ. ಕಾನಸು ಹಚ್ಚಿ ನೋಡಿದೆ. ಕೆನ್ನೆಯ ಮೇಲೆ ಅದು ಸಲೀಸಾಗಿ ಕಚ್ಚಿತು, ಬಾಯಿಯ ಅಂಚಿನಲ್ಲಿ ಒಲ್ಲದ ಮನಸ್ಸಿನಿಂದ ಕಚ್ಚಿತು. ಅಂದರೆ ಅಂಚಿಗೆ ನೀರು ಸರಿಯಾಗಿ ಬಿದ್ದಿದೆ ಎಂದರ್ಥ. ಅಂಚಿನಲ್ಲೂ ಬೆಣ್ಣೆಯಂತೆ ಕಚ್ಚಿದ್ದರೆ ಆ ಕಬ್ಬಿಣ ಬರಿ ತಗಡು. ಕಾನಸನ್ನು ಮುಂದಕ್ಕೆ ಮಾತ್ರ ಒತ್ತಬೇಕು, ಹಿಂದಕ್ಕೆ ಎಳೆದರೆ ಅದರ ಹಲ್ಲೇ ಹೋಗುತ್ತದೆ. ಎಡಕೆನ್ನೆ ಹೆಚ್ಚು ಸಪಾಟಾಗಬೇಕು, ಬಲಗೈಯಲ್ಲಿ ಹಿಡಿದಾಗ ಮರಕ್ಕೆ ಒರಗುವುದು ಆ ಕೆನ್ನೆ. ಇದು ಯಾರೂ ಹೇಳಿದ್ದಲ್ಲ, ಬಾಗಿಲ ಮರೆಯಿಂದ ನೋಡಿದ್ದು.

ತೊಂದರೆ ಬಂದದ್ದು ಬಳೆಯಿಂದ. ಕಾನಸು ಒತ್ತಿದಾಗಲೆಲ್ಲ ಬಳೆ ಸರಿದು ಸರಿದು ಅಲಗಿಗೆ ಬಡಿಯುತ್ತಿದ್ದವು. ತೆಗೆದಿಟ್ಟೆ. ಎದುರು ಮನೆಯ ಕಾಕು ಸಕ್ಕರೆ ಕೇಳಲು ಬಂದವಳು ನನ್ನ ಬರಿಗೈ ನೋಡಿ ವಾಟಗಾ ಬಿಟ್ಟೇಬಿಟ್ಟಳು. ಒಳಗೆ ನಮ್ಮ ಮನೆಯವರು ಕೆಮ್ಮಿದ್ದು ಕೇಳಿಸಿತೋ ಬದುಕಿದೆ, ಇಲ್ಲದಿದ್ದರೆ ಅವಳು ಓಣಿಗೆಲ್ಲ ಸುದ್ದಿ ಮುಟ್ಟಿಸುತ್ತಿದ್ದಳು. ಮರುದಿನದಿಂದ ಬಳೆ ಮೇಲೆ ಸರಿಸಿ, ಹಳೆ ಪತ್ತಲದ ಅಂಚು ಸುತ್ತಿ ಕಟ್ಟಿದೆ. ಘಿಸಾಡಿ ಹೆಂಗಸು ಅದು ಹೇಗೆ ಸಂಭಾಳಿಸುತ್ತಿದ್ದಳೋ ಕೇಳದೆ ಬಂದದ್ದಕ್ಕೆ ಈಗಲೂ ಪಶ್ಚಾತ್ತಾಪವಿದೆ.

ಹದಿನೈದು ದಿನವಾದರೂ ಕೆನ್ನೆ ಇಳಿಯಲಿಲ್ಲ. ತಾಳ್ಮೆ ಕೆಟ್ಟಿತು. ಒಂದು ಬೆಸುಗೆಯ ಅಂಗಡಿಗೆ ಒಯ್ದೆ. ಅಲ್ಲಿಯ ಹುಡುಗ ಉಪಕಾರ ಮಾಡಲೆಂದೇ ಕರೆಂಟಿನ ಚಕ್ರಕ್ಕೆ ಒತ್ತಿದ. ನಕ್ಷತ್ರಕಡ್ಡಿಯಂತೆ ಕಿಡಿ ಹಾರಿದವು, ಎರಡು ನಿಮಿಷದಲ್ಲಿ ಕೆಲಸ ಮುಗಿಯಿತು. ಮನೆಗೆ ತಂದು ನೋಡಿದರೆ ಬಾಯಿಯ ಒಂದು ಮೂಲೆ ನವಿಲಿನ ಕುತ್ತಿಗೆಯ ಹಾಗೆ ನೀಲಿ! ಎಷ್ಟು ಚಂದ ಎಂದುಕೊಂಡೆ. ಆ ಚಂದವೇ ಮೋಸ. ಸುಮಾರು 300 ಡಿಗ್ರಿ ಮುಟ್ಟಿದಾಗ ಬರುವ ಬಣ್ಣ ಅದು, ಆ ಭಾಗದ ಗಟ್ಟಿತನ ಇಳಿದು ಹೋಗಿದೆ ಎಂಬ ಸುದ್ದಿ. ಒಂದು ಜಾಲಿ ತುಂಡಿಗೆ ಹೊಡೆದು ನೋಡಿದೆ. ನೀಲಿ ಮೂಲೆ ಹಪ್ಪಳದ ಅಂಚಿನಂತೆ ಮಡಚಿಕೊಂಡಿತು.

ಊರಲ್ಲಿ ಉಳಿದ ಒಬ್ಬ ಹಳೆಯ ಕಂಬಾರ ಮಾಂವನ ಹತ್ತಿರ ಹೋದೆ. ಬೈದ. ಬೈದು ಮುಗಿಸಿ ಕುಲುಮೆ ಹೊತ್ತಿಸಿದ. ಕೊಡಲಿಯನ್ನು ಕೆಂಪಗೆ ಕಾಯಿಸಿ ಕೆನ್ನೆಯನ್ನು ಬಡಿದೇ ತೆಳುವು ಮಾಡಿದ. ನಾನು ಹದಿನೈದು ದಿನ ಉಜ್ಜಿದ್ದು ಅವನ ಐದು ನಿಮಿಷಕ್ಕೆ ಸಮ. ಮತ್ತೆ ಕಾಯಿಸಿ ಬಾಯಿಯ ಕಡೆಯ ಒಂದು ಇಂಚು ಮಾತ್ರ ನೀರಿಗೆ ಇಳಿಸಿದ. ತೆಗೆದವನೇ ಇಟ್ಟಂಗಿ ಚೂರಿನಿಂದ ಉಜ್ಜಿ ಬೆಳ್ಳಗೆ ಮಾಡಿ, "ಈಗ ನೋಡ್ತಿರ್ರಿ ಬಾಯಾರ, ಬಣ್ಣಾ ಓಡತೈತಿ" ಎಂದ. ಹಿಂಭಾಗದಲ್ಲಿ ಉಳಿದಿದ್ದ ಬಿಸಿ ಮೆಲ್ಲಗೆ ಅಂಚಿನ ಕಡೆ ಹರಿಯತೊಡಗಿತು. ಅದರ ಮುಂದೆ ಮುಂದೆ ಬಣ್ಣ. ಮೊದಲು ಒಣಹುಲ್ಲಿನ ತಿಳಿ ಹಳದಿ, ಅದರ ಬೆನ್ನಿಗೆ ಕಂದು, ಅದರ ಬೆನ್ನಿಗೆ ನೇರಳೆ, ನೀಲಿ. ಬೆಲ್ಲದ ಪಾಕ ನೋಡಿದವರಿಗೆ ಈ ಗಳಿಗೆ ಗೊತ್ತು. ಒಂದು ಉಸಿರು ಮೊದಲಾದರೆ ಎಳಸು, ಒಂದು ಉಸಿರು ತಡವಾದರೆ ಕಲ್ಲು. ಇಲ್ಲಿ ಉಲ್ಟಾ, ಬೇಗ ತೆಗೆದರೆ ಗಾಜಿನಂತೆ ಚಕ್ಕೆ ಏಳುತ್ತದೆ, ತಡವಾದರೆ ಮೆತ್ತಗಾಗುತ್ತದೆ. ಹಳದಿ ಕಂದಿಗೆ ತಿರುಗಿ ಅಂಚು ಮುಟ್ಟಿದ್ದೇ ತಡ, ಪೂರ್ತಿ ನೀರಿಗೆ ಅದ್ದಿದ. ದುಡ್ಡು ಎಷ್ಟು ಎಂದರೆ, "ನಿಮ್ಮಪ್ಪ ನಮ್ಮಪ್ಪಗ ಬಂಡಿ ಮಾಡಿಕೊಟ್ಟಿದ್ದ" ಎಂದು ತಗೊಳ್ಳಲಿಲ್ಲ. ಒತ್ತಾಯ ಮಾಡಿ ಚಹಾದ ಪುಡಿ ಕೊಟ್ಟು ಬಂದೆ.

ಹರಿತ ಮಾಡುವುದನ್ನು ಕಲಿತದ್ದು ಮಾತ್ರ ಮಿರಜಿನಲ್ಲಿ. ನಮ್ಮ ಮನೆಯವರ ಕಣ್ಣು ತೋರಿಸಲು ಹೋಗಿದ್ದೆವು. ಕೃಷ್ಣೆ ದಾಟಿ ಕಾಗವಾಡದ ಮೇಲೆ ಹಾದು ಹೋದರೆ ಮಿರಜ, ನಮ್ಮ ಭಾಗದವರಿಗೆಲ್ಲ ಅದೇ ದವಾಖಾನೆಯ ಊರು. ಕಣ್ಣಿಗೆ ಔಷಧ ಹಾಕಿ ಎರಡು ತಾಸು ಕೂಡ್ರಿಸಿದರು. ನಾನು ಸಿತಾರು ತಂಬೂರಿ ಮಾಡುವ ಓಣಿಗೆ ಹೋದೆ. ಅಲ್ಲಿನ ವಾದ್ಯ ಮಾಡುವ ಮನೆತನದವರು ಮೂಲದಲ್ಲಿ ಶಿಕಲಗಾರರು, ಖಡ್ಗ ಕಠಾರಿಗೆ ಸಾಣೆ ಹಿಡಿಯುತ್ತಿದ್ದವರು. 19ನೇ ಶತಮಾನದ ನಡುವಿನಲ್ಲಿ, ಆಯುಧಗಳಿಗೆ ಗಿರಾಕಿ ಕಡಿಮೆಯಾದ ಕಾಲಕ್ಕೆ, ಫರೀದ್‌ಸಾಹೇಬರು ತಂಬೂರಿ ಮಾಡಲು ಹಿಡಿದರು. ಕೈ ಅದೇ, ಅಲಗು ಅದೇ, ಹೊರಡುವ ಸದ್ದು ಮಾತ್ರ ಬೇರೆಯಾಯಿತು. ಮಿರಜಿನ ಸಿತಾರು, ತಂಬೂರಿಗೆ 2024ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ.

ಒಂದು ಅಂಗಡಿಯಲ್ಲಿ ಸೋರೆಯ ಬುರುಡೆ ಕೊರೆಯುತ್ತ ಕೂತ ಮುದುಕರಿಗೆ ನನ್ನ ಕೊಡಲಿಯ ಕಥೆ ಹೇಳಿದೆ. ಅವರು ನಗಲಿಲ್ಲ. "ಅಂಚಿಗೆ ಕಾಡಿಗಿ ಹಚ್ರಿ" ಎಂದರು. ನಾನು ದೃಷ್ಟಿಗೇನೋ ಎಂದುಕೊಂಡೆ. ದೃಷ್ಟಿಗಲ್ಲ. ಕಾಡಿಗೆ ಹಚ್ಚಿ ಕಲ್ಲಿನ ಮೇಲೆ ಎರಡು ಸಲ ಎಳೆದು ನೋಡಿದರೆ ಕಲ್ಲು ಎಲ್ಲಿ ಮುಟ್ಟಿತೋ ಅಲ್ಲಿ ಮಾತ್ರ ಕಪ್ಪು ಹೋಗಿರುತ್ತದೆ. ಅಂಚಿನವರೆಗೆ ಹೋಗಿಲ್ಲವೆಂದರೆ ಇನ್ನೂ ಸ್ವಲ್ಪ ಎತ್ತಿ ಹಿಡಿಯಬೇಕು, ಅಂಚಿನಲ್ಲಿ ಮಾತ್ರ ಹೋಗಿದ್ದರೆ ಇಳಿಸಬೇಕು. ಇಷ್ಟೇ. ಎಷ್ಟು ಪುಸ್ತಕ ಓದಿದರೂ ತಿಳಿಯದ್ದು ಒಂದು ಕಾಡಿಗೆ ಡಬ್ಬಿಯಲ್ಲಿತ್ತು. ಎರಡೂ ಕೆನ್ನೆ ಕೂಡಿ ಸುಮಾರು 30 ಡಿಗ್ರಿ ಇರಲೆಂದು ಮೊಮ್ಮಗನ ಕಂಪಾಸ ಪೆಟ್ಟಿಗೆಯ ಮೂಲೆಮಟ್ಟ ಹಿಡಿದು ನೋಡಿಕೊಂಡೆ. ಇನ್ನೂ ತೆಳುವಾದರೆ ಗಂಟು ಸಿಕ್ಕಲ್ಲಿ ಬಾಯಿ ಹರಿಯುತ್ತದೆ.

ಕಾವಿಗೆ ಜಾಲಿ. ಅಪ್ಪನೂ ಜಾಲಿಯನ್ನೇ ಹಾಕುತ್ತಿದ್ದ. ಉದ್ದ ಹದಿಮೂರು ಇಂಚು, ಮೊಳಕ್ಕಿಂತ ಕಡಿಮೆ. ಅಂಗಡಿಯ ಕಾವು ದುಂಡಗಿರುತ್ತದೆ, ದುಂಡಗಿದ್ದದ್ದು ಕೈಯಲ್ಲಿ ತಿರುಗುತ್ತದೆ. ಮೊಟ್ಟೆಯ ಆಕಾರವಿದ್ದರೆ ಕಣ್ಣು ಮುಚ್ಚಿ ಹಿಡಿದರೂ ಬಾಯಿ ಯಾವ ಕಡೆ ಇದೆ ಎಂದು ಕೈಗೆ ಗೊತ್ತು. ಒಡೆದ ಗಾಜಿನ ಚೂರಿನಿಂದ ಕೆರೆದು ಕೆರೆದು ನನ್ನ ಅಂಗೈಯ ಅಳತೆಗೆ ತಂದೆ. ಗಂಡಸರ ಕೈಗೆ ಮಾಡಿದ ಕಾವು ನಮ್ಮ ಕೈಗೆ ದಪ್ಪ ಎಂಬುದು ನನ್ನ ಕೈಯ ಕಾವು ಮಾಡಿದ ಮೇಲೇ ತಿಳಿದದ್ದು. ಕೊಡಲಿ ಕೂಡಿಸುವಾಗ ಮೇಲಿನಿಂದ ಬಡಿಯಬೇಕಿಲ್ಲ. ಕಾವಿನ ತುದಿಗೆ ಕೊಡಲಿ ಸಿಕ್ಕಿಸಿ, ತಲೆಕೆಳಗಾಗಿ ಎತ್ತಿ ಹಿಡಿದು, ಕಾವಿನ ಇನ್ನೊಂದು ತುದಿಗೆ ಕೊಡತಿಯಿಂದ ಹೊಡೆದರೆ ಕೊಡಲಿ ತಾನೇ ಮೇಲೇರಿ ಬರುತ್ತದೆ. ಕಸಬರಿಗೆಯ ತಲೆ ನೆಲಕ್ಕೆ ಕುಟ್ಟಿ ಕಡ್ಡಿ ಬಿಗಿ ಮಾಡುವುದಿಲ್ಲವೇ, ಅದೇ ವಿದ್ಯೆ. ಮೇಲಿನ ಸೀಳಿನಲ್ಲಿ ಒಣ ಬೆಣೆ ಬಡಿದೆ. ಸ್ವಲ್ಪ ಓರೆಯಾಯಿತು. ಬಿಗಿಯಾಗಿದೆಯಲ್ಲ ಎಂದು ಬಿಟ್ಟೆ.

ಬೇಸಿಗೆಯಲ್ಲಿ ಕಾವು ಸಡಿಲಾದರೆ ನಮ್ಮವರು ನೀರಲ್ಲಿ ನೆನೆಸುತ್ತಾರೆ. ಅದು ಒಂದು ದಿನದ ಆಟ. ಉಬ್ಬಿದ ಮರ ಕಬ್ಬಿಣಕ್ಕೆ ಒತ್ತಿ ನುಗ್ಗಾಗುತ್ತದೆ, ಒಣಗಿದ ಮೇಲೆ ಮೊದಲಿಗಿಂತ ಸಡಿಲ. ಅದಕ್ಕೆ ಅಗಸಿ ಎಣ್ಣೆ ಹಚ್ಚಬೇಕು. ಶೇಂಗಾ ಎಣ್ಣೆ ಹಚ್ಚಿದರೆ ಒಣಗುವುದಿಲ್ಲ, ಜಿಗುಟಾಗಿ ಕಮಟು ಹಿಡಿಯುತ್ತದೆ. ಅಗಸಿ ಎಣ್ಣೆ ಗಾಳಿಗೆ ಗಟ್ಟಿಯಾಗಿ ಮರದಲ್ಲೇ ನಿಲ್ಲುತ್ತದೆ, ದಿನ ಮಾತ್ರ ಬಹಳ ಹಿಡಿಯುತ್ತದೆ. ಒಂದು ಮಾತು ಮರೆಯಬೇಡಿ. ಎಣ್ಣೆ ಒರೆಸಿದ ಅರಿವೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ಒಣಗುವಾಗ ಅದು ಬಿಸಿಯಾಗಿ ತಾನೇ ಹೊತ್ತಿಕೊಳ್ಳಬಲ್ಲುದು. ನೀರಲ್ಲಿ ಜಾಲಿಸಿ ಬಿಡಿಸಿ ಹರವಬೇಕು.

ಸೌಟಿನ ಸಂಗತಿಯಲ್ಲಿ ನಾನು ದೊಡ್ಡ ಮಾತು ಆಡಲಾರೆ. ಮಾವಿನ ಹಸಿ ಟೊಂಗೆ ಸಿಕ್ಕಿತು. ಹಸಿ ಮರ ಕೆತ್ತಲು ಸುಲಭ. ಮೊದಲನೆಯದನ್ನು ಟೊಂಗೆಯ ನಟ್ಟನಡುವಿನಿಂದ ತೆಗೆದೆ, ಒಣಗಿದಾಗ ತಿರುಳಿನ ಗುಂಟ ಸೀಳಿತು. ಸೀಳಿ ಎರಡು ಮಾಡಿ ತಿರುಳು ಬಿಟ್ಟು ತೆಗೆಯಬೇಕಿತ್ತು. ಎರಡನೆಯದು ಕೆತ್ತುವಾಗ ಎಡಗೈಯನ್ನು ಹೊಡೆತದ ಕೆಳಗೆ ಹಿಡಿದೆ. ತೋರುಬೆರಳಿಗೆ ಎರಡು ಹೊಲಿಗೆ ಬಿದ್ದವು. ನಮ್ಮ ಮನೆಯವರು ಒಂದು ಮಾತೂ ಅನ್ನದೆ ಚಹಾ ಮಾಡಿ ಕೊಟ್ಟರು. ಅಂದಿದ್ದರೆ ನನಗೆ ಹಗುರಾಗುತ್ತಿತ್ತು. ಸೊಸೆ ಕೊಡಲಿಯನ್ನು ಅಟ್ಟದ ಮೇಲೆ ಹಾಕಿದಳು. ಸವದತ್ತಿಯ ಯಲ್ಲಮ್ಮನ ಕಥೆಯಲ್ಲೂ ಕೊಡಲಿ ಬಿದ್ದದ್ದು ಹೆಂಗಸಿನ ಕುತ್ತಿಗೆಗೇ. ಹಾಗಿರುವಾಗ ಇವಳಿಗೇಕೆ ಇದರ ಉಸಾಬರಿ ಎಂದು ಓಣಿಯಲ್ಲಿ ಅಂದವರೂ ಇದ್ದರು. ಒಂದು ತಿಂಗಳು ನಾನೂ ಹೌದೆಂದುಕೊಂಡೆ. ಆಮೇಲೆ ಒಂದು ಮಧ್ಯಾಹ್ನ ಎಲ್ಲರೂ ಮಲಗಿದಾಗ ಏಣಿ ಹಚ್ಚಿದೆ. ಬೆರಳಿನ ಗಾಯ ಪಾಠ ಕಲಿಸಿತ್ತು. ಹಿಡಿದ ಕೈ ಹೊಡೆತಕ್ಕಿಂತ ಮೇಲಿರಬೇಕು, ಹೊಡೆತ ದಿಮ್ಮಿಗೇ ಇಳಿಯಬೇಕು. ಮೂರನೆಯ ಸೌಟು ಸೌಟಿನಂತೆ ಬಂತು. ಗೋಣಿಚೀಲದ ಕೆಳಗಿಟ್ಟು ತಡೆದು ತಡೆದು ಒಣಗಿಸಿದೆ. ಬಾಯಿ ತುಸು ಸೊಟ್ಟ.

ಆ ವರ್ಷ ಪಂಚಮಿಗೆ ಅಥಣಿಗೆ ಹೋದೆ. ತಮ್ಮ ಪ್ರತಿ ವರ್ಷ ಕರೆಯುತ್ತಾನೆ, ಅದರಲ್ಲಿ ಅವನದು ತಪ್ಪಿಲ್ಲ. ಚೀಲದಲ್ಲಿ ಉಂಡಿಯ ಡಬ್ಬಿ, ಸೌಟು, ಅರಿವೆಯಲ್ಲಿ ಸುತ್ತಿದ ಕೊಡಲಿ. ಕೊಡಲಿಯ ಬಾಯಿಗೆ ತೊಗಲಿನ ಒರೆ ಮಾಡಿಸುವುದಿತ್ತು, ತೊಗಲಿನ ಕೆಲಸಕ್ಕೆ ಅಥಣಿಗಿಂತ ಊರುಂಟೇ? ಕೊಲ್ಹಾಪುರಿ ಎಂದು ಲೋಕವೆಲ್ಲ ಮೆಡುವ ಚಪ್ಪಲಿಯನ್ನು ಅಥಣಿಯಲ್ಲೂ ಹೊಲಿಯುತ್ತಾರೆ. 2019ರಲ್ಲಿ ಸಿಕ್ಕ ಭೌಗೋಳಿಕ ಗುರುತಿನಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ನಮ್ಮ ಬೆಳಗಾವಿಯೂ ಸೇರಿ ಕರ್ನಾಟಕದ ನಾಲ್ಕು ಇವೆ. 2025ರಲ್ಲಿ ಇಟಲಿಯ ಪ್ರಾಡಾ ಕಂಪನಿ ಅಂಥದೇ ಚಪ್ಪಲಿಯನ್ನು ಮಿಲಾನಿನಲ್ಲಿ ಮೆರೆಸಿ, ಗದ್ದಲವಾದ ಮೇಲೆ ಮೂಲವನ್ನು ಒಪ್ಪಿಕೊಂಡಿತು. ಪಂಚಮಿಯ ದಿನ ಹೆಚ್ಚಬಾರದು, ಕೊಯ್ಯಬಾರದು. ಕೊಡಲಿ ಚೀಲದಲ್ಲೇ ಇತ್ತು. ಮರುದಿನ ಚಪ್ಪಲಿ ಹೊಲಿಯುವ ಮನೆಯ ಅಕ್ಕ ಎಮ್ಮೆಯ ತೊಗಲಿನ ತುಂಡು ತೆಗೆದು, ರಂಪಿಯಿಂದ ಕತ್ತರಿಸಿ, ಅಲ್ಲೇ ಒರೆ ಹೊಲಿದು ಕೊಟ್ಟಳು. "ಕೊಡ್ಲಿಗೂ ಚಪ್ಲಿ ಹಾಕ್ಸಾಕ ಬಂದ್ರಲ್ಲರೀ" ಎಂದು ನಕ್ಕಳು.

ಸಂಜೆ ತಮ್ಮ ಅಂಗಡಿ ಮುಚ್ಚಿ ಬಂದ. ಪಡಸಾಲೆಯಲ್ಲಿದ್ದ ಕೊಡಲಿ ಕಂಡು ಒರೆ ಬಿಚ್ಚಿದ. ಕೈಯಲ್ಲಿ ತೂಗಿ ನೋಡಿದ. ಹೆಬ್ಬೆರಳನ್ನು ಬಾಯಿಗೆ ಅಡ್ಡವಾಗಿ ಮೆಲ್ಲಗೆ ಸರಿಸಿದ. ಅಪ್ಪನೂ ಹೀಗೇ, ಉದ್ದಕ್ಕೆ ಎಂದೂ ಎಳೆಯುತ್ತಿರಲಿಲ್ಲ.

"ಕಾವು ಯಾರು ಕೂಡ್ಸಿದ್ರ?"

"ನಾನ."

"ಬೆಣಿ ಓರೆ ಆಗೇತಿ."

"ಗೊತ್ತೈತಿ."

ಅವನು ಕೊಡಲಿಯನ್ನು ನನ್ನ ಕಡೆ ಚಾಚಿದ. "ಕೈಯಾಗ ಕೊಡಬ್ಯಾಡೋ, ಜಗಳ ಆಗ್ತಾವ" ಎಂದೆ.

"ಆಗ್ಲಿ ತಗೋ" ಎಂದ.

ತೆಗೆದುಕೊಂಡೆ. ಆಯಿತು. "ಅಪ್ಪನ ಸಣ್ಣ ಬಾಚಿ ನನಗ ಬೇಕಾಗಿತ್ತು" ಎಂದೆ. ಇಪ್ಪತ್ತೈದು ವರ್ಷದ ಮಾತು, ಇಷ್ಟು ಸಣ್ಣದಾಗಿ ಬಂತು.

"ಕೇಳಬೇಕಿಲ್ಲಾ?"

"ಕೊಡಬೇಕಿಲ್ಲಾ?"

ಅಲ್ಲಿಂದ ದನಿ ಏರಿತು. ನಾನು ಹಕ್ಕು ಬಿಟ್ಟ ಪತ್ರ ತೆಗೆದೆ. ಅವನು ಅವ್ವನ ದವಾಖಾನೆಯ ಖರ್ಚು ತೆಗೆದ. ನಾನು ಇಳಕಲ್ ಸೀರೆ ಎಂದೆ, ಅವನು ಪ್ರತಿ ಪಂಚಮಿ ಎಂದ. ಇಪ್ಪತ್ತೆರಡು ಕಿಲೋ ಎಂದೆ. ಅದಕ್ಕೆ ಅವನು ಸ್ವಲ್ಪ ಹೊತ್ತು ಸುಮ್ಮನಾದ. ಆಮೇಲೆ, "ಏಳು ವರ್ಷದಾಂವ ಇದ್ದೆ ಅಕ್ಕ, ಆಡಾಕ ಬಿಡ್ಲಿಲ್ಲ, ಬಾಚಿ ಹಿಡಿಸಿದ್ರು. ಕೈ ತಪ್ಪಿದ್ರ ಕೊಡತೀಲೆ ಬಡೀತಿದ್ದ. ಆ ಪೆಟಗಿ ನೋಡಿದ್ರ ನನಗ ಹೊಟ್ಟ್ಯಾಗ ತಳಮಳ ಆಗತಿತ್ತು. ಅದು ಮನಿ ಬಿಟ್ಟು ಹೋದ್ರ ಸಾಕಾಗಿತ್ತು" ಎಂದ.

ಅಪ್ಪ ಬಡಿಯುತ್ತಿದ್ದದ್ದು ನನಗೆ ಗೊತ್ತಿರಲಿಲ್ಲ. ಬಾಗಿಲ ಮರೆಯಿಂದ ಮಣಿಕಟ್ಟು ಮಾತ್ರ ಕಾಣುತ್ತಿತ್ತು. ನಾನು ಆಗಲೂ ಸೋಲಲಿಲ್ಲ, ಹಾಗಾದರೆ ನನಗಾದರೂ ಕೊಡಬಹುದಿತ್ತಲ್ಲ ಎಂದೆ. ಅವನೂ ಬಿಡಲಿಲ್ಲ, ನಿನಗೆ ಬೇಕೆಂದು ನನಗೇನು ಕನಸು ಬೀಳುತ್ತಿತ್ತೇ ಎಂದ.

ಅವನ ಹೆಂಡತಿ ಒಲೆಯ ಮುಂದಿನಿಂದ ಎದ್ದು ಬಂದು ಬಾಗಿಲಲ್ಲಿ ನಿಂತು ನಮ್ಮಿಬ್ಬರನ್ನೂ ನೋಡುತ್ತಲೇ ಇದ್ದಳು. ಅಷ್ಟರಲ್ಲಿ ಝುಣಕದ ವಾಸನೆ ಹೊರಗೆ ಬಂತು. ಅಯ್ಯ ಶಿವನೇ ಎಂದು ಒಳಗೆ ಓಡಿದಳು. ತಳ ಹತ್ತಿದ್ದನ್ನು ಕೆರೆಯಲು ಏನೂ ಸಿಗದೆ, ಅಲ್ಲೇ ಕಾಗದದಲ್ಲಿ ಸುತ್ತಿಟ್ಟಿದ್ದ ನನ್ನ ಸೊಟ್ಟ ಬಾಯಿಯ ಸೌಟನ್ನು ಬಿಚ್ಚಿ ಬೋಗುಣಿಗೆ ಇಳಿಸಿದಳು.